ಜೇಬಲ್ಲಿ ಈರುಳ್ಳಿ, ಬೆನ್ನಿಗೆ ಹಿಮ

ಇವತ್ತು ಬೆಳಿಗ್ಗೆ ಬೈಕು ತೆಗೆಯುವ ಮುಂಚೆ, ಬಿಸಿಲಿಗೆಂದೇ ಎತ್ತಿಟ್ಟಿರುವ ತುಂಬುತೋಳಿನ ಹಳೇ ಅಂಗಿಯನ್ನು ಚೂಡಿದಾರದ ಮೇಲೆ ಹಾಕಿಕೊಂಡೆ. ಜೇಬಿನಲ್ಲಿ ಏನೋ ಗುಂಡಗೆ ಕೈಗೆ ಸಿಕ್ಕಿತು. ತೆಗೆದು ನೋಡಿದರೆ ಹೋದ ಬೇಸಿಗೆಯ ಈರುಳ್ಳಿ. ಒಳಗಿನ ತಿರುಳು ಬತ್ತಿ ಹೋಗಿ, ಸಿಪ್ಪೆ ಮುಟ್ಟಿದರೆ ಪುಡಿಯಾಗುತ್ತಿತ್ತು. ವಾಸನೆ ಮಾತ್ರ ಇನ್ನೂ ಜಾಗ ಬಿಟ್ಟಿರಲಿಲ್ಲ. ಅಂಗಿಯನ್ನು ಒಗೆಯದೆ ಎತ್ತಿಟ್ಟವಳು ಎಂದು ನೀವು ನನ್ನನ್ನು ಬೈದುಕೊಳ್ಳುತ್ತಿರಬಹುದು. ಬೈದುಕೊಳ್ಳಿ, ಆದರೆ ಸ್ವಲ್ಪ ಕೂತು ಕೇಳಿ. ಬಂಗಾರಪೇಟೆಯ ಮೇ ತಿಂಗಳಲ್ಲಿ ಹತ್ತು ಗಂಟೆಯ ಮೇಲೆ ಯಾರಿಗೂ ಅಂಥ ಅವಸರದ ಕೆಲಸವೇನೂ ಇರುವುದಿಲ್ಲ.

ಅಂಗಿ ನನ್ನ ಮಾವನವರದು, ಅಂದರೆ ಗಂಡನ ತಂದೆಯದು. ಈರುಳ್ಳಿಯ ಪಾಠವೂ ಅವರದೇ. ಬಿಸಿಲಲ್ಲಿ ಗಾಡಿ ಓಡಿಸುವವರು ಜೇಬಿನಲ್ಲಿ ಒಂದು ಈರುಳ್ಳಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲ ಎಂಬುದು ಆಂಧ್ರದ ಗಡಿಯಿಂದ ನಮ್ಮ ಕಡೆಗೆ ಯಾವ ಕಾಲದಲ್ಲೋ ದಾಟಿ ಬಂದ ನಂಬಿಕೆ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಮಾವನವರ ಅಂಗಿಗಳೆಲ್ಲ ಹುಳಿ ಮಾಡುವ ಅಡುಗೆಮನೆಯ ಹಾಗೆ ಘಮಗುಡುತ್ತಿದ್ದುದು ಯಾಕೆಂದು ನನಗೆ ಅರ್ಥವಾಗಲು ಒಂದು ಬೇಸಿಗೆಯೇ ಬೇಕಾಯಿತು.

ಅವರ ಕೆಲಸವನ್ನು ಮರ್ಯಾದಸ್ಥರ ಮುಂದೆ ಹೇಗೆ ಹೇಳುವುದೆಂದೂ ಆಗ ನನಗೆ ತಿಳಿಯುತ್ತಿರಲಿಲ್ಲ. ಬೆದೆಗೆ ಬಂದ ಹಸುಗಳಿಗೆ ಸೂಜಿ ಹಾಕುವುದು ಎಂದು ಜನ ಹೇಳುತ್ತಾರೆ. ಹೋರಿಯ ಬೀಜವನ್ನು ತುಂಬಿದ ತೆಳ್ಳನೆಯ ಕಡ್ಡಿಗಳನ್ನು ದ್ರವ ನೈಟ್ರೋಜನ್ನಿನ ಕ್ಯಾನಿನಲ್ಲಿ ಮುಳುಗಿಸಿಕೊಂಡು, ಹಸು ಇರುವ ಮನೆಗೇ ಹೋಗಿ ಗಬ್ಬ ಕಟ್ಟಿಸಿ ಬರುವ ಕೆಲಸ. ಹಿಂದಿನ ಕಾಲದಲ್ಲಿ ಹೋರಿ ಬರುತ್ತಿತ್ತು, ಈಗ ಬೈಕು ಬರುತ್ತದೆ, ಅಷ್ಟೇ ವ್ಯತ್ಯಾಸ. ಓದಿದ್ದು ಸಣ್ಣ ತರಬೇತಿಯಾದರೂ ಸುತ್ತಲ ಹಳ್ಳಿಗಳಿಗೆಲ್ಲ ಅವರು ‘ಡಾಕ್ಟ್ರು’. ಬೇಡವೆಂದರೂ ಯಾರೂ ಕೇಳುತ್ತಿರಲಿಲ್ಲ, ಅವರು ಬೇಡವೆಂದದ್ದನ್ನು ನಾನಂತೂ ಕೇಳಿಲ್ಲ.

ನಾನು ಹೇಳಹೊರಟಿರುವ, ಬಹಳ ವರ್ಷಗಳ ಹಿಂದಿನ ಬೇಸಿಗೆಯಲ್ಲಿ ಒಂದು ಸೀಮೆಹಸು ಅವರ ಮೊಣಕಾಲಿಗೆ ಒದ್ದಿತ್ತು. ಕೈ ನೆಟ್ಟಗಿತ್ತು, ಕೆಲಸ ಮಾಡಬಲ್ಲರು. ಆದರೆ ಬೈಕಿಗೆ ಕಿಕ್ ಹೊಡೆಯಲಾರರು, ಕಾಲೂರಿ ಗಾಡಿ ನಿಲ್ಲಿಸಲಾರರು. ನನ್ನ ಗಂಡ ಬೆಳಗಿನ ರೈಲಿಗೆ ಬೆಂಗಳೂರಿನ ಕಾರ್ಖಾನೆಗೆ ಹೋದರೆ ದೀಪ ಹಚ್ಚಿದ ಮೇಲೇ ಬರುವುದು. ಹಸುಗಳಿಗೆ ಈ ಕಷ್ಟಗಳೆಲ್ಲ ತಿಳಿಯುವುದಿಲ್ಲ, ಅವು ತಮ್ಮ ಹೊತ್ತಿಗೆ ತಾವು ಬೆದೆಗೆ ಬರುತ್ತಲೇ ಇದ್ದವು. ಜಗಲಿಯ ಮೇಲೆ ಕಾಲು ಚಾಚಿಕೊಂಡು ಕೂತು ಫೋನಿಗೆ “ಆಗಲ್ಲಪ್ಪ, ಆಗಲ್ಲ” ಎನ್ನುತ್ತಿದ್ದ ಮಾವನವರ ಮುಖ ನೋಡಲಾರದೆ ಒಂದು ದಿನ, “ಮಾವ, ನಾನು ಓಡಿಸ್ತೀನಿ, ನೀವು ಹಿಂದೆ ಕೂತ್ಕೊಳ್ಳಿ” ಎಂದುಬಿಟ್ಟೆ.

ಬೈಕು ನನಗೆ ಹೊಸದಲ್ಲ. ನನ್ನ ತವರು ಕೆ.ಜಿ.ಎಫ್.ನ ಊರಿಗಾಂ. ಗಣಿ ಕೆಲಸಗಾರರ ಲೈನ್ ಮನೆಯಲ್ಲಿ ಬೆಳೆದವಳು. ಅಪ್ಪ ಅಂಡರ್‌ಗ್ರೌಂಡಿನಲ್ಲಿ ಕೆಲಸ ಮಾಡುತ್ತಿದ್ದವರು, ಭಾನುವಾರಗಳಲ್ಲಿ, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಪಕ್ಕದ ಬಯಲಿನಲ್ಲಿ ನನಗೆ ಬೈಕು ಕಲಿಸಿದ್ದರು. ಬಿಸಿಲು ಎಂದು ನಾನು ಮುಖ ಸಿಂಡರಿಸಿದರೆ, “ಇದೊಂದು ಬಿಸಿಲಾ ಕಣ್ಣು? ಭೂಮಿ ಒಳಗೆ ಓಗಿ ನೋಡು, ಕಲ್ಲೇ ಬೆವರ್ತದೆ” ಎಂದು ನಗುತ್ತಿದ್ದರು. ‘ಕಣ್ಣು’ ಎನ್ನುವುದು ಲೈನಿನ ತಮಿಳಿನಿಂದ ಅವರಿಗೆ ಅಂಟಿದ ಮುದ್ದಿನ ಮಾತು. ಮೇಲೆ ಸೂರ್ಯನಿರುವುದರಿಂದ ಮೇಲೆ ಬಿಸಿ, ಸರಿ. ಸೂರ್ಯನೇ ಇಲ್ಲದ ಕೆಳಗೆ ಯಾಕೆ ಬಿಸಿ? ಅಪ್ಪನಿಗೂ ಗೊತ್ತಿರಲಿಲ್ಲ. ಬಿಸಿಯ ವಿಷಯದಲ್ಲಿ ನನ್ನ ತಲೆಹರಟೆ ಅಲ್ಲಿಂದಲೇ ಶುರುವಾಗಿದ್ದು.

ಮಾವನವರು ಒಂದು ದಿನವೆಲ್ಲ ಯೋಚಿಸಿ ಒಪ್ಪಿದರು, ಒಂದು ಕರಾರಿನ ಮೇಲೆ. ಬಜಾರಿನಲ್ಲಿ ಅವರು ಬೈಕಿನ ಮೇಲೆ ಕೂರುವುದಿಲ್ಲ. ನಾನು ಕ್ಯಾನು ಕಟ್ಟಿಕೊಂಡು ಮುಂದೆ ಹೋಗಬೇಕು, ರೈಲ್ವೆ ಗೇಟಿನ ಆಚೆ ಬೇವಿನ ಮರದ ಕೆಳಗೆ ಕಾಯಬೇಕು. ಅವರು ಕೋಲೂರಿಕೊಂಡು ನಡೆದು ಬಂದು ಅಲ್ಲಿ ಹತ್ತುತ್ತಾರೆ. ವಾಪಸು ಬರುವಾಗಲೂ ಅಷ್ಟೇ, ಗೇಟಿನ ಹತ್ತಿರ ಇಳಿದು ನಡೆಯುತ್ತಾರೆ. ಸೊಸೆಯ ಬೆನ್ನ ಹಿಂದೆ ಕೂತು ಬಜಾರು ದಾಟಿದರೆ ಇಷ್ಟು ವರ್ಷದ ಡಾಕ್ಟರಿಕೆ ಏನಾದೀತು ಎಂಬ ಭಯ. ನೆಟ್ಟಗಿರುವ ಕಾಲಿನವರೂ ನೆರಳು ಹುಡುಕುವ ಬಿಸಿಲಿನಲ್ಲಿ ಅವರು ಕುಂಟುತ್ತಾ ಬರುವುದನ್ನು ನೋಡಿ ನನಗೆ ಪಾಪ ಎನಿಸುತ್ತಿತ್ತು, ಕೋಪವೂ ಬರುತ್ತಿತ್ತು. ಇಷ್ಟು ಮಾಡಿಯೂ ಗುಟ್ಟು ಉಳಿದಿತ್ತೆ? ಎರಡನೇ ದಿನವೇ ಟೀ ಅಂಗಡಿಯವನು, “ಬಿರ್ರನೆ ಓಗಿ ಡಾಕ್ಟ್ರೇ, ನಿಮ್ಮ ಸೊಸೆ ಗೇಟ್ತಾವ ಒಣಗ್ತಾವ್ರೆ” ಎಂದು ಕೂಗಿದನಂತೆ. ಮಾವನವರು ಕೇಳಿಸದವರಂತೆ ನಡೆದರಂತೆ.

ಗೇಟು ದಾಟಿದ ಮೇಲೆ ಮಾತ್ರ ಅವರು ಬೇರೆ ಮನುಷ್ಯ. ತಲೆಗೆ ಒದ್ದೆ ಟವಲು, ಅದರ ಮೇಲೆ ಹೆಲ್ಮೆಟ್ಟು, ತೊಡೆಯ ಮೇಲೆ ಗೋಣಿ ಸುತ್ತಿದ ಕ್ಯಾನು. ಹಿಂದಿನಿಂದ ಪಾಠ ನಡೆಯುತ್ತಿತ್ತು. ಸೀಟಿಗೆ ಮೊದಲು ನೀರು ಚಿಮುಕಿಸಿ ಆಮೇಲೆ ಕೂತ್ಕೋಬೇಕು. ಚಕ್ರಕ್ಕೆ ಗಾಳಿ ಜಾಸ್ತಿ ಹೊಡೆಸಬಾರದು. ಬಾಯಾರಿಕೆ ಆಗೋಕೆ ಮುಂಚೆ ಮಜ್ಜಿಗೆ ಕುಡೀಬೇಕು. ಮತ್ತು ಈರುಳ್ಳಿ. ಈರುಳ್ಳಿಯನ್ನು ನಾನು ಸುಮ್ಮನೆ ನಂಬಲಿಲ್ಲ. ಒಂದು ದಿನ ಎಡಜೇಬಿನಲ್ಲಿ ಈರುಳ್ಳಿ, ಬಲಜೇಬಿನಲ್ಲಿ ಅಷ್ಟೇ ಗಾತ್ರದ ಆಲೂಗಡ್ಡೆ ಇಟ್ಟುಕೊಂಡು ಹೋಗಿ ಬಂದು, ಎರಡನ್ನೂ ಕೆನ್ನೆಗೆ ಒತ್ತಿ ನೋಡಿದೆ. ಎರಡೂ ಒಂದೇ ಬಿಸಿ. ತೀರ್ಪನ್ನು ಮಾವನವರಿಗೆ ತಿಳಿಸಿದೆ.

“ಮಾವ, ಈರುಳ್ಳಿ ಸೋತೋಯ್ತು.”

“ನೀನು ಬಿದ್ದೋಗ್ಲಿಲ್ವಲ್ಲಮ್ಮ?”

“ಇಲ್ಲ.”

“ಮತ್ತೆ ಈರುಳ್ಳಿ ಎಂಗೆ ಸೋತದೆ?” ಎಂದರು.

ಈರುಳ್ಳಿಗಿಂತ ನನ್ನ ತಲೆ ಕೆಡಿಸಿದ್ದು ಆ ಕ್ಯಾನು. ಹೊರಗೆ ಬೆಂಕಿ ಸುರಿಯುತ್ತಿರುವಾಗ ನಮ್ಮಿಬ್ಬರ ನಡುವೆ ಒಂದು ತಪ್ಪಲೆಯಷ್ಟು ಜಾಗದಲ್ಲಿ ಹಿಮಾಲಯಕ್ಕೂ ಗೊತ್ತಿಲ್ಲದ ಚಳಿ ಕೂತಿತ್ತು. ಮುಚ್ಚಳ ಬಿಗಿಯಾಗಿರುವುದಿಲ್ಲ, ಒಳಗಿನದಕ್ಕೆ ಉಸಿರಾಡಲು ಜಾಗ ಬೇಕಂತೆ, ಬಿಗಿದರೆ ಸಿಡಿಯುತ್ತದಂತೆ. ಎಷ್ಟು ಉಳಿದಿದೆ ಎಂದು ನೋಡಲು ಮಾವನವರು ಮಕ್ಕಳ ಮರದ ಸ್ಕೇಲೊಂದನ್ನು ಒಳಗೆ ಇಳಿಸಿ, ತೆಗೆದು ಗಾಳಿಯಲ್ಲಿ ಎರಡು ಸಲ ಬೀಸುತ್ತಿದ್ದರು. ಮುಳುಗಿದ್ದಷ್ಟು ಭಾಗಕ್ಕೆ ಬೆಳ್ಳಗೆ ಹಿಮ ಕಟ್ಟುತ್ತಿತ್ತು. ಸುಡುವ ಅಂಗಳದಲ್ಲಿ ನಿಂತು ಆ ಬಿಳಿ ಗೆರೆ ನೋಡುವುದಕ್ಕೆ ನಾನು ಮೊದಲು ಓಡುತ್ತಿದ್ದೆ, ಹಸುವಿನ ಮನೆಯವರು ನನ್ನ ಹಿಂದೆ ಓಡುತ್ತಿದ್ದರು. ಕ್ಯಾನು ಹಳೆಯದು. ಅದರ ಗೋಡೆಗಳ ನಡುವಿನ ರಕ್ಷೆ ಕೆಟ್ಟಿದ್ದರಿಂದ ಹೊರಮೈಯೂ ಬೆವರುತ್ತಿತ್ತು. ಬೇರೆ ಕಾಲದಲ್ಲಿ ವಾರ ಬರುವ ನೈಟ್ರೋಜನ್ನು ಆ ಬೇಸಿಗೆಯಲ್ಲಿ ನೋಡನೋಡುತ್ತಿದ್ದಂತೆ ಆವಿಯಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಹತ್ತು ಗಂಟೆಯ ಹೊತ್ತಿಗೆ ಹಾಲಿನ ವ್ಯಾನಿನ ಡ್ರೈವರ್ ಬಾಗಿಲಿಗೆ ಬಂದ. ಕಾಮಸಮುದ್ರದ ದಾರಿಯ ಹಳ್ಳಿಯೊಂದರಲ್ಲಿ ಗಂಗುಲಮ್ಮ ಎಂಬ ಹೆಂಗಸಿದ್ದಳು. ಅವಳ ಹಸು ಬೆದೆಗೆ ಬಂದು ರಾತ್ರಿಯೆಲ್ಲ ಕೂಗಿದೆ, ಡಾಕ್ಟರನ್ನು ಹೇಗಾದರೂ ಕಳಿಸು ಎಂದು ಹೇಳಿ ಕಳಿಸಿದ್ದಳು. ಅವಳ ಹತ್ತಿರ ಫೋನಿರಲಿಲ್ಲ. ಮಾವನವರು ತಕ್ಷಣ ಕೋಲಿಗೆ ಕೈ ಹಾಕಿದರು. ಆ ಹಸು ಅದಕ್ಕೆ ಮುಂಚೆ ಮೂರು ಸಲ ಸೂಜಿ ಹಾಕಿಸಿಕೊಂಡು ಮೂರು ಸಲವೂ ಗಬ್ಬ ನಿಂತಿರಲಿಲ್ಲ. ಈ ಸಲವೂ ಗಬ್ಬ ನಿಲ್ಲದಿದ್ದರೆ ಸಂತೆಗೆ ಹೊಡೆದುಕೊಂಡು ಹೋಗುತ್ತೇನೆಂದು ಅವಳ ಮಗ ಹೇಳಿಬಿಟ್ಟಿದ್ದ. ಗಬ್ಬ ನಿಲ್ಲದ ಹಸುವನ್ನು ಸಂತೆಯಲ್ಲಿ ಕೊಳ್ಳುವವರು ಯಾರು, ಯಾತಕ್ಕೆ ಎಂಬುದು ಗಂಗುಲಮ್ಮನಿಗೆ ಗೊತ್ತಿತ್ತು. ಕರುವಾಗಿದ್ದಾಗ ತಾಯಿ ಸತ್ತ ಹಸು ಅದು, ಅವಳೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು.

ಅವತ್ತಿನ ಬಿಸಿಲನ್ನು ನಿಮಗೆ ಹೇಗೆ ಹೇಳಲಿ? ಎಂದಿನ ಬಿಸಿಲಲ್ಲಿ ಗಾಡಿ ಓಡಿದರೆ ಗಾಳಿ ತಂಪಾಗುತ್ತದೆ, ನಿಂತರೆ ಸುಡುತ್ತದೆ. ಅವತ್ತು ತಿರುವುಮುರುವು. ಜೋರಾಗಿ ಹೋದಷ್ಟೂ ಒಲೆಯ ಬಾಯಿಗೆ ಮುಖ ಕೊಟ್ಟ ಹಾಗೆ. ನಿಧಾನ ಮಾಡಿದರೆ ನೆತ್ತಿ ಕಾಯುತ್ತದೆ. ನಾನು ಒಂದು ಸಲ ವೇಗ ಏರಿಸಿ, ಒಂದು ಸಲ ಇಳಿಸಿ, ಯಾವ ವೇಗದಲ್ಲಿ ಕಡಿಮೆ ಬೇಯುತ್ತೇನೆಂದು ನೋಡುತ್ತಾ ಹೋದೆ. “ಇದೇನಮ್ಮ, ಗಾಡಿಗೆ ಬಿಕ್ಕಳಿಕೆ ಬಂತಾ?” ಎಂದು ಹಿಂದಿನಿಂದ ಕೇಳಿದರು. ಮುಂದಿನ ಡಾಂಬರಿನಲ್ಲಿ ನೀರು ಹೊಳೆಯುತ್ತಿತ್ತು, ನಾವು ಹತ್ತಿರ ಹೋದಂತೆ ಹಿಂದೆ ಸರಿಯುತ್ತಿತ್ತು. ಬಿಸಿಲುಗುದುರೆ ಎಂದು ಹೆಸರಿಟ್ಟವರು ಅದನ್ನು ಅಟ್ಟಿಸಿಕೊಂಡು ಹೋಗಿ ನೋಡಿಯೇ ಇಟ್ಟಿರಬೇಕು.

ಗಂಗುಲಮ್ಮನ ಕೊಟ್ಟಿಗೆ ತಲುಪಿದರೆ, ಗೂಟ ಇದೆ, ಹಸು ಇಲ್ಲ. ಮನೆಗೆ ಬೀಗ. ಪಕ್ಕದ ಮನೆಯ ಅಜ್ಜಿ ಹೊರಗೆ ಬಂದು ನಮ್ಮನ್ನು ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

“ಅಯ್ಯೋ, ಅವ್ಳು ನಿಮ್ತಾವ್ಕೇ ಒಂಟೋದ್ಳಲ್ಲ ಡಾಕ್ಟ್ರಪ್ಪ! ಕಾಲು ನೋವಿರೋರು, ಆ ಎಣ್ಣು ಮಗ ಬೇರೆ ಬಿಸ್ಲಾಗೆ ಗಾಡಿ ಓಡಿಸ್ಕಂಡು ಬರ್ಬೇಕು ಪಾಪ, ನಾನೇ ಹಸಾ ಒಡ್ಕಂಡು ಓಯ್ತೀನಿ ಅಂದ್ಳು. ಕೆರೆ ಕಟ್ಟೆ ದಾರೀಲಿ ಓದ್ಳು.”

ವ್ಯಾನಿನ ಡ್ರೈವರಿಗೆ ಹೇಳಿ ಕಳಿಸಿದ ಮೇಲೆ ಅವಳ ಮನಸ್ಸು ತಡೆದಿರಲಿಲ್ಲ. ನಮಗೆ ಬಿಸಿಲು ತಾಕಬಾರದೆಂದು ಅವಳು ಹೊರಟಿದ್ದಳು, ಅವಳ ಹಸುವಿಗೆ ಹೊತ್ತು ಮೀರಬಾರದೆಂದು ನಾವು ಬಂದಿದ್ದೆವು. ಅವಳು ಅಡ್ಡದಾರಿಯಲ್ಲಿ, ನಾವು ಡಾಂಬರು ರಸ್ತೆಯಲ್ಲಿ. ಇಂಥ ತಪ್ಪನ್ನು ನಮ್ಮ ಕಡೆಯವರು ಮಾತ್ರ ಮಾಡಬಲ್ಲರು. ನನಗೆ ನಗು ಬಂತು, ಮಾವನವರಿಗೆ ಬರಲಿಲ್ಲ. “ಬಿಸ್ಲಾಗೆ ನಡೆಸ್ಬಿಟ್ಳಲ್ಲ, ಒಟ್ಟೆ ಒಳಗೆಲ್ಲ ಕಾದೋಗಿರ್ತದೆ, ಇನ್ನೆಲ್ಲಿ ನಿಂತ್ಕಂತದೆ” ಎಂದು ತಮಗೆ ತಾವೇ ಹೇಳಿಕೊಂಡರು.

ಕೆರೆ ಕಟ್ಟೆಯ ಮೇಲೆ ಬೈಕು ಬಿಟ್ಟೆ. ಕೆರೆಯಲ್ಲಿ ನೀರಿರಲಿಲ್ಲ, ಬಿರಿದ ಮಣ್ಣಿತ್ತು. ಕಟ್ಟೆ ಮುಗಿಯುವಲ್ಲಿ ಹೊಸ ಎಲೆ ಬಿಟ್ಟ ಹೊಂಗೆಮರ ಒಂದಿತ್ತು. ಅದರ ನೆರಳಲ್ಲಿ ಹಸು ನಾಲಗೆ ಹೊರಗೆ ಹಾಕಿ ಏದುತ್ತಿತ್ತು. ಪಕ್ಕದಲ್ಲಿ ಗಂಗುಲಮ್ಮ ತನ್ನ ಸೆರಗಿನಿಂದ ಅದಕ್ಕೆ ಗಾಳಿ ಬೀಸುತ್ತಾ ನಿಂತಿದ್ದಳು. ನಮ್ಮನ್ನು ಕಂಡದ್ದೇ ಅಳು ಬಂತು ಅವಳಿಗೆ.

“ಮುಂದಕ್ಕೆ ಓಗಲ್ಲ ಅಂತ ನಿಂತುಬಿಡ್ತು ಸ್ವಾಮಿ. ನಿಮ್ಗೆ ಕಷ್ಟ ಬೇಡ ಅಂತ ಒಂಟ್ಬಂದೆ, ನನ್ನ ಕೈಯಾರ ಕೆಡಿಸ್ಕಂಡೆ. ಅದೇನ್ ಮಾಡ್ತೀರೋ, ಈಗ್ಲೇ ಹಾಕ್ಬಿಡಿ.”

ಮಾವನವರು ಹಸುವಿನ ಕಿವಿ ಹಿಡಿದು ನೋಡಿದರು, ಬೆನ್ನ ಮೇಲೆ ಅಂಗೈ ಇಟ್ಟರು. ಆಮೇಲೆ ಕ್ಯಾನಿಗೆ ಸ್ಕೇಲು ಇಳಿಸಿ ಬೀಸಿದರು. ಬಿಳಿ ಗೆರೆ ತಳದಲ್ಲೇ ನಿಂತಿತ್ತು. ಈಗ ಹಾಕಿದರೆ ಕಾದ ಹಸುವಿಗೆ ಗಬ್ಬ ನಿಲ್ಲುವುದಿಲ್ಲ. ಮೈ ತಣಿಸಿ ಸಂಜೆ ಹಾಕೋಣವೆಂದರೆ ಅಷ್ಟರೊಳಗೆ ನೈಟ್ರೋಜನ್ನು ಮುಗಿದು ಕಡ್ಡಿಗಳು ಕೆಟ್ಟುಹೋಗುತ್ತವೆ. ರಾತ್ರಿಯೇ ಕೂಗಿದ ಹಸು, ಸಂಜೆ ದಾಟಿದರೆ ಬೆದೆಯೂ ಇಳಿದುಬಿಡುತ್ತದೆ. ಅವರು ನನ್ನ ಮುಖ ನೋಡಿದರು, ಕೇಳಲಿಲ್ಲ. ಸೊಸೆಯನ್ನು ಆ ಬಿಸಿಲಿಗೆ ಒಬ್ಬಳನ್ನೇ ಕಳಿಸುವ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ.

“ದನದ ಆಸ್ಪತ್ರೆಗೆ ಹೋಗಿ ಕ್ಯಾನು ತುಂಬಿಸ್ಕೊಂಡು ಬರ್ತೀನಿ ಮಾವ. ನೀವು ಹಸು ತಣ್ಣಗೆ ಮಾಡಿ” ಎಂದೆ.

ಅವರು ತಮ್ಮ ಜೇಬಿನ ಈರುಳ್ಳಿಯನ್ನು ತೆಗೆದು ನನ್ನ ಇನ್ನೊಂದು ಜೇಬಿಗೆ ಹಾಕಿದರು. ಟವಲನ್ನು ಪಕ್ಕದ ತೋಟದ ಬೋರ್‌ವೆಲ್ ನೀರಿನಲ್ಲಿ ಅದ್ದಿ ನನ್ನ ತಲೆಗೆ ಸುತ್ತಿದರು. ಹಿಂದಿನ ಸೀಟಿನಲ್ಲಿ ಕಟ್ಟಿದರೆ ಕ್ಯಾನು ವಾಲುತ್ತದೆಂದು, ಗೋಣಿ ಸಮೇತ ನನ್ನ ಬೆನ್ನಿಗೇ ಆನಿಸಿ ಸೈಕಲ್ ಟ್ಯೂಬಿನಿಂದ ಬಿಗಿದರು.

ಆ ದಾರಿಯನ್ನು ನಾನು ಸಾಯುವವರೆಗೆ ಮರೆಯಲಾರೆ. ಮುಂದೆ ಕುಲುಮೆ, ಹಿಂದೆ ಹಿಮ. ಎದೆ ಉರಿಯುತ್ತಿದೆ, ಬೆನ್ನು ಮರಗಟ್ಟುತ್ತಿದೆ. ಗುಂಡಿ ಬಂದಾಗಲೆಲ್ಲ ಮುಚ್ಚಳದ ಸಂದಿಯಿಂದ ಬಿಳಿ ಹೊಗೆ ಉಕ್ಕಿ ಕತ್ತಿನ ಹಿಂಭಾಗಕ್ಕೆ ಊದುತ್ತದೆ, ಒಂದು ಗಳಿಗೆ ಎಂಥ ಸುಖ! ಹೆದರಿಕೆಯ ನಡುವೆಯೂ ನಾನು ಲೆಕ್ಕ ಹಾಕುತ್ತಿದ್ದೆ: ಬಿಸಿ ಜಾಸ್ತಿಯೋ ಚಳಿ ಜಾಸ್ತಿಯೋ, ನನ್ನ ಮೈಯ ಯಾವ ಜಾಗದಲ್ಲಿ ಅವೆರಡೂ ಸೇರುತ್ತವೆ? ಪಕ್ಕೆಲುಬಿನ ಹತ್ತಿರ ಎಲ್ಲೋ ಇರಬೇಕು, ಅಲ್ಲಿ ಮಾತ್ರ ಹಿತವಾಗಿತ್ತು. ಒಂದು ಸಲ ಕಣ್ಣು ಕತ್ತಲೆ ಬಂತು. ಹುಣಸೇಮರದ ಕೆಳಗೆ ನಿಲ್ಲಿಸಿ ಮಜ್ಜಿಗೆ ಕುಡಿದೆ. ಜೇಬಿನಲ್ಲಿ ಎರಡು ಈರುಳ್ಳಿ ಇವೆ ಎಂದು ಮುಟ್ಟಿ ನೋಡಿಕೊಂಡೆ. ನಂಬುವುದಿಲ್ಲ ಎಂದವಳು ಯಾಕೆ ಮುಟ್ಟಿದೆ ಎಂದು ಕೇಳಬೇಡಿ.

ಪಶು ಆಸ್ಪತ್ರೆಯಲ್ಲಿ ಕ್ಯಾನು ತುಂಬಿಸಿಕೊಂಡು, ಬೆನ್ನಿನಿಂದ ಹೊಗೆ ಬಿಡುತ್ತಾ ನಾನು ಬಜಾರಿನಲ್ಲಿ ಹೋಗುವಾಗ ಟೀ ಅಂಗಡಿಯವನು ಎದ್ದು ನಿಂತದ್ದು ಕಂಡಿತು. ಮರಳಿ ಹೊಂಗೆಮರ ತಲುಪಿದಾಗ ಬಿಸಿಲು ಸ್ವಲ್ಪ ವಾಲಿತ್ತು. ಹಸು ತೊಯ್ದು ತೊಪ್ಪೆಯಾಗಿ, ಬೆನ್ನ ಮೇಲೆ ಒದ್ದೆ ಗೋಣಿ ಹೊದ್ದು, ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ನಿಂತಿತ್ತು. ಗಂಗುಲಮ್ಮ ಕೊಡದ ಮೇಲೆ ಕೊಡ ಹೊತ್ತು ಸೋತು ಕೂತಿದ್ದಳು. ಮಾವನವರು ಕೋಲು ಬಿಸಾಡಿ ಒಂಟಿಕಾಲಿನ ಮೇಲೆ ಭಾರ ಹಾಕಿ ಕೆಲಸ ಮುಗಿಸಿದರು. ಹಸು ಒಂದು ಸಲ ಬಾಲ ಬೀಸಿತು, ಅಷ್ಟೇ.

ಸಂಜೆ ವಾಪಸು ಹೊರಟೆವು. ರೈಲ್ವೆ ಗೇಟು ಬಂತು. ನಾನು ಬೇವಿನ ಮರದ ಹತ್ತಿರ ವೇಗ ತಗ್ಗಿಸಿದೆ. ಅವರು ಇಳಿಯುವ ಸುಳಿವಿಲ್ಲ. ಕಾಲು ನೋವಿರಬೇಕೆಂದುಕೊಂಡೆ. ಕೇಳಿದರೆ ಎಲ್ಲಿ ಇಳಿದುಬಿಡುತ್ತಾರೋ ಎಂದು ಕೇಳದೆ ಮುಂದೆ ಬಿಟ್ಟೆ. ಬಜಾರು ತುಂಬಿತ್ತು. ಹೂವಿನವರು, ಹಣ್ಣಿನವರು, ರೈಲಿಳಿದ ಜನ. ಅವರೆಲ್ಲರ ನಡುವೆ ಮಾವನವರು ನನ್ನ ಹಿಂದೆ ಕ್ಯಾನು ತಬ್ಬಿಕೊಂಡು ಕೂತೇ ಬಂದರು. ಟೀ ಅಂಗಡಿಯವನು ಏನೂ ಕೂಗಲಿಲ್ಲ. ನನ್ನ ಎದೆ ಉಬ್ಬಿಹೋಯಿತು. ಇಡೀ ಊರಿನ ಮುಂದೆ ನನಗೆ ಸನ್ಮಾನ ಮಾಡಿದರು ಎಂದೇ ಅಂದುಕೊಂಡೆ. ಮಾರನೇ ದಿನದಿಂದ ನಮ್ಮ ಬಾಗಿಲಲ್ಲೇ ಹತ್ತತೊಡಗಿದರು.

ಹಸು ಗಬ್ಬ ನಿಂತಿತು. ಆ ವಿಷಯ ಗೊತ್ತಾದಾಗ ಮಾವನವರು ಊಟ ಬಿಟ್ಟು ಎದ್ದು ಜಗಲಿಗೆ ಹೋಗಿ ಕೂತರು, ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಕರು ಹಾಕಿದ ಮೇಲೆ ಗಂಗುಲಮ್ಮ ಗಿಣ್ಣದ ಹಾಲು ಹೊತ್ತುಕೊಂಡು ಬಂದಳು, ಈ ಸಲ ಬಸ್ಸಿನಲ್ಲಿ.

ಈಗ ಮಾವನವರಿಗೆ ವಯಸ್ಸಾಗಿದೆ, ಕೆಲಸ ಬಿಟ್ಟು ಬಹಳ ವರ್ಷವಾಯಿತು. ಜಗಲಿಯ ಮೇಲೆ ಕೂತು ಹಳ್ಳಿಯವರ ಫೋನುಗಳಿಗೆ ಬುದ್ಧಿ ಹೇಳುತ್ತಾರೆ. ಇವತ್ತು ಒಣಗಿದ ಈರುಳ್ಳಿಯನ್ನು ಅಂಗೈಯಲ್ಲಿ ಹಿಡಿದು ಅವರ ಮುಂದೆ ನಿಂತಾಗ, ಇಷ್ಟು ಕಾಲ ಕೇಳದೇ ಉಳಿಸಿಕೊಂಡಿದ್ದನ್ನು ಕೇಳಿಬಿಟ್ಟೆ. ಎಲ್ಲವನ್ನೂ ಅಳೆದು ನೋಡುವ ನಾನು ಇದೊಂದನ್ನು ಮಾತ್ರ ಹಾಗೇ ಬಿಟ್ಟಿದ್ದೆ.

“ಮಾವ, ಗಂಗುಲಮ್ಮನ ಹಸುವಿಗೆ ಹೋಗಿದ್ದ ದಿನ ಗೇಟ್ ಹತ್ರ ನೀವ್ಯಾಕೆ ಇಳೀಲಿಲ್ಲ?”

ಅವರು ನೆನಪು ಮಾಡಿಕೊಂಡರು. “ಇಳೀಬೇಕು ಅನ್ನೋದೇ ಮರ್ತೋಗಿತ್ತಮ್ಮ. ಆ ಹಸಾ ನಿಂತ್ಕಂತದೋ ಇಲ್ವೋ ಅಂತ ಅದೊಂದೇ ತಲೇಲಿತ್ತು. ಮನೆತಾವ ಬಂದ್ಮೇಲೇ ಗ್ಯಾನ ಆಗಿದ್ದು. ಅಷ್ಟೊತ್ತಿಗೆ ಎಲ್ರೂ ನೋಡ್ಬಿಟ್ಟಿದ್ರು, ಇನ್ನೇನು.”

ಸನ್ಮಾನ ಹೋಯಿತು. ಒಂದು ಗಳಿಗೆ ಪೆಚ್ಚಾದೆ, ಆಮೇಲೆ ನಗು ಬಂತು. ನಗುತ್ತಾ ಇದ್ದಂತೆ, ನಾನು ಇಷ್ಟು ವರ್ಷ ಇಟ್ಟುಕೊಂಡಿದ್ದ ಸನ್ಮಾನಕ್ಕಿಂತ ಈ ಮರೆವೇ ದೊಡ್ಡದೆನಿಸಿತು.

“ಇಷ್ಟೊತ್ನಾಗೆ ಎಲ್ಲಿಗಮ್ಮ ಒಂಟಿದ್ದು?”

“ಊರಿಗಾಂಗೆ. ಅಪ್ಪನ್ನ ನೋಡ್ಕೊಂಡು ಬರ್ತೀನಿ.”

“ತಡಿ, ನಾನೂ ಬತ್ತೀನಿ” ಎಂದು ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ಬುಟ್ಟಿ ತಡಕಾಡುವ ಸದ್ದಾಯಿತು. ಎರಡು ಈರುಳ್ಳಿ ತಂದು ಒಂದನ್ನು ನನಗೆ ಕೊಟ್ಟರು. ಅಂಗಿಯ ಜೇಬಿಗೆ ಹಾಕಿಕೊಂಡೆ, ಈ ಸಲ ಆಲೂಗಡ್ಡೆಯ ಯೋಚನೆ ಬರಲಿಲ್ಲ. ಸೀಟಿಗೆ ನೀರು ಚಿಮುಕಿಸಿದೆ. ಅವರು ನನ್ನ ಹೆಗಲು ಹಿಡಿದು ಹತ್ತಿ ಕೂತರು. ಬಜಾರು ದಾಟಿ ಗೇಟಿನ ಹತ್ತಿರ ಬಂದಾಗ, ಬೇವಿನ ಮರ ಕಂಡು ನನ್ನ ಕಾಲು ತಾನಾಗಿ ಬ್ರೇಕು ಒತ್ತಿತು.

“ಯಾಕಮ್ಮ ನಿಲ್ಲಿಸ್ದೆ?” ಎಂದರು ಹಿಂದಿನಿಂದ. “ಬಿಸ್ಲು ಸುಡ್ತಾ ಐತೆ, ಓಗು.”